ಇಯರ್‌ಫೋನ್‌ನಲ್ಲಿ ನನ್ನ ದನಿ ಹಾಡಿನ ನಡುವೆ ತಾನಾಗಿ ಏರಿಳಿಯುವುದೇಕೆ? (ಮೇನ್ ಮಿಕ್ಸರ್‌ನ ಆಕ್ಸ್ ಎಂಬ ಹೆಚ್ಚುವರಿ ಔಟ್‌ಪುಟ್‌ನಿಂದ, ನನ್ನ ಕಿವಿಗೆ ಬರುವ ದನಿ ಹೊಂದಿಸುವ ಪರ್ಸನಲ್ ಮಿಕ್ಸರ್‌ಗೆ ಕನೆಕ್ಷನ್ ಕೊಟ್ಟಿದ್ದೇನೆ)
ನಿಮ್ಮ ಆಕ್ಸ್ ಬಹುಶಃ ಪೋಸ್ಟ್-ಫೇಡರ್‌ನಲ್ಲಿದೆ, ಪ್ರೀ-ಫೇಡರ್‌ಗೆ ಬದಲಿಸಿ. ಪೋಸ್ಟ್ ಎಂದರೆ ಸಿಗ್ನಲ್ ಚಾನೆಲ್‌ನ ಫೇಡರ್ (ದನಿ ಏರಿಸಿಳಿಸುವ ಜಾರುಗುಂಡಿ) ದಾಟಿದ ಮೇಲಷ್ಟೇ ಆಕ್ಸ್‌ಗೆ ಹೋಗುತ್ತದೆ. ಹಾಗಾಗಿ ಸಭಾಂಗಣಕ್ಕೆಂದು ಆಪರೇಟರ್ ನಿಮ್ಮ ಫೇಡರ್ ಇಳಿಸಿದಾಗಲೆಲ್ಲ ಕಿವಿಯಲ್ಲೂ ದನಿ ಇಳಿಯುತ್ತದೆ. ಪ್ರೀ ಇಟ್ಟರೆ ಸಿಗ್ನಲ್ ಫೇಡರ್‌ಗೆ ಮೊದಲೇ ಕವಲೊಡೆಯುತ್ತದೆ, ಏರಿಳಿತ ನಿಮಗೆ ತಟ್ಟುವುದಿಲ್ಲ. ಗೇನ್ ನಾಬ್ (ಒಳಬರುವ ಸಿಗ್ನಲ್‌ನ ಮಟ್ಟ ಹೊಂದಿಸುವ ಗುಂಡಿ) ಮಾತ್ರ ಸಭಾಂಗಣ, ಕಿವಿ ಎರಡು ಕವಲಿಗೂ ಒಂದೇ, ಸೌಂಡ್‌ಚೆಕ್ ಮುಗಿದ ಮೇಲೆ ಅದನ್ನು ದಯವಿಟ್ಟು ಯಾರೂ ಮುಟ್ಟಬಾರದು.

ಕೇಬಲನ್ನೂ ಒಮ್ಮೆ ನೋಡಿ: ಆಕ್ಸ್ ಔಟ್‌ನಿಂದ ಬರುವುದು ಪರ್ಸನಲ್ ಮಿಕ್ಸರ್‌ನ ಲೈನ್ ಇನ್‌ಪುಟ್‌ಗೇ ಹೋಗಬೇಕು. ಮೈಕ್ ಇನ್‌ಪುಟ್‌ಗೆ ಹಾಕಿದರೆ ದನಿ ಕರಕರ ಒಡೆಯುತ್ತದೆ, ಏಕೆಂದರೆ ಲೈನ್ ಸಿಗ್ನಲ್‌ನ ವೋಲ್ಟೇಜ್ ಮೈಕಿನದಕ್ಕಿಂತ ನೂರಾರು ಪಟ್ಟು ಹೆಚ್ಚು. ಕೇಬಲ್ ಬದಲಿಸುವ ಮುನ್ನ ಇಯರ್‌ಫೋನ್ ವಾಲ್ಯೂಮ್ ಸೊನ್ನೆಗಿಳಿಸಿ.