ಆದೇಶ ಬಂದ ಮೇಲೆ ಆಕ್ಷೇಪಣೆ ಎಲ್ಲಿಗೆ?

ವಿದ್ಯುತ್ ದರ ಕುರಿತ ಪತ್ರಗಳು ಈ ಅಂಕಣಕ್ಕೆ ಹೊಸ ದರದ ಬಿಲ್ ಕೈಸೇರಿದ ಮೇಲೆಯೇ ಬರುತ್ತವೆ. ದರ ನಿಜವಾಗಿ ತೀರ್ಮಾನವಾಗುವ ಚಳಿಗಾಲದ ತಿಂಗಳುಗಳಲ್ಲಿ ಯಾರಿಗೂ ಈ ವಿಷಯ ನೆನಪಿರುವುದಿಲ್ಲ. ಪ್ರತಿವರ್ಷ ಮರುಕಳಿಸುವ ಒಂದು ಪ್ರಶ್ನೆಗೆ ಈ ಸಲ ವಿವರವಾಗಿ ಉತ್ತರಿಸಿ, ಉಳಿದವನ್ನು ಚುಟುಕಾಗಿ ಮುಗಿಸುತ್ತೇನೆ.

ಪ್ರಶ್ನೆ: ಗೃಹಜ್ಯೋತಿಯ ಹೊರೆ ಇಳಿಸಿಕೊಳ್ಳಲು ಸರ್ಕಾರ ದರ ಏರಿಸುತ್ತದೆ, ಕೆಇಆರ್‌ಸಿ (ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ) ಅದಕ್ಕೆ ಮುದ್ರೆ ಒತ್ತುತ್ತದೆ. ಹೀಗಿರುವಾಗ ನಾವು ಆಕ್ಷೇಪಣೆ ಸಲ್ಲಿಸಿ ಏನು ಪ್ರಯೋಜನ? (ಹಾಸನದ ಓದುಗರು)

ಉತ್ತರ: ಮೊದಲು ದಿನಾಂಕಗಳನ್ನು ನೋಡಿ. ಯೂನಿಟ್‌ಗೆ ಸರಾಸರಿ 70 ಪೈಸೆ ಏರಿಸಿದ ಆದೇಶ ಹೊರಬಿದ್ದದ್ದು 2023ರ ಮೇ 12ರಂದು, ಅಂದರೆ ವಿಧಾನಸಭಾ ಚುನಾವಣೆಯ ಮತ ಎಣಿಕೆಯ ಹಿಂದಿನ ದಿನ. ಅದಕ್ಕೆ ಆಧಾರವಾದ ಅರ್ಜಿಗಳನ್ನು ಎಸ್ಕಾಂಗಳು, ಅಂದರೆ ವಿದ್ಯುತ್ ಸರಬರಾಜು ಕಂಪನಿಗಳು, ಹಿಂದಿನ ಸರ್ಕಾರದ ಅವಧಿಯಲ್ಲೇ ಸಲ್ಲಿಸಿದ್ದವು. ಅವು ಕೇಳಿದ್ದು 1 ರೂಪಾಯಿ 39 ಪೈಸೆ, ಸಿಕ್ಕಿದ್ದು ಅದರ ಅರ್ಧದಷ್ಟು. ಗೃಹಜ್ಯೋತಿ ಜಾರಿಯಾದದ್ದು ಆ ವರ್ಷದ ಜುಲೈ 1ರಿಂದ. ಏರಿಕೆಯನ್ನು ಏಪ್ರಿಲ್ 1ರಿಂದಲೇ ಪೂರ್ವಾನ್ವಯಗೊಳಿಸಿದ್ದರಿಂದ ಹಿಂಬಾಕಿಯೂ ಸೇರಿ ಜೂನ್ ಬಿಲ್ ಎಲ್ಲರನ್ನೂ ಬೆಚ್ಚಿಬೀಳಿಸಿತು ಎಂಬುದು ನಿಜ, ಆ ಸಿಟ್ಟೂ ನ್ಯಾಯವಾದದ್ದೇ. ಆದರೆ ಅದನ್ನೇ ಹಿಡಿದುಕೊಂಡು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿರುವ ಕಥೆಯನ್ನು ನನಗೆ ಮತ್ತೆ ಕಳುಹಿಸಬೇಡಿ.

ಎರಡನೆಯದಾಗಿ, ಉಚಿತ ವಿದ್ಯುತ್ತಿನ ಹಣ ಎಲ್ಲಿಂದ ಬರಬೇಕೆಂಬುದನ್ನು ವಿದ್ಯುತ್ ಕಾಯ್ದೆ, 2003ರ ಕಲಂ 65 ಹೇಳುತ್ತದೆ. ಸರ್ಕಾರ ಯಾವುದೇ ವರ್ಗದ ಗ್ರಾಹಕರಿಗೆ ರಿಯಾಯಿತಿ ಕೊಡಬಯಸಿದರೆ ಅದರ ಮೊತ್ತವನ್ನು ಕಂಪನಿಗೆ ಮುಂಗಡವಾಗಿ ಪಾವತಿಸಬೇಕು. ಪಾವತಿಸದಿದ್ದರೆ ಆಯೋಗ ನಿಗದಿಪಡಿಸಿದ ದರವೇ ಅನ್ವಯವಾಗುತ್ತದೆ. ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗೆ ಕೊಡುವ ಉಚಿತ ವಿದ್ಯುತ್ತಿಗೂ ಇದೇ ನಿಯಮ. ಕಾಗದದ ಮೇಲೆ ವ್ಯವಸ್ಥೆ ಇಷ್ಟು ಚೊಕ್ಕಟವಾಗಿದೆ. ಆದರೆ ಸಹಾಯಧನ ತಡವಾಗಿ, ಕಂಪನಿ ಸಾಲ ಮಾಡಿ, ಆ ಸಾಲದ ಬಡ್ಡಿಯನ್ನು ದರದಲ್ಲಿ ಸೇರಿಸಿಕೊಡಿ ಎಂದು ಆಯೋಗದ ಮುಂದೆ ಬಂದರೆ, ಸರ್ಕಾರದ ವಿಳಂಬದ ಬೆಲೆಯನ್ನು ಬಿಲ್ ಕಟ್ಟುವವನು ತೆರಬೇಕಾಗುತ್ತದೆ. ಆಕ್ಷೇಪಣೆ ಎತ್ತಬೇಕಾದದ್ದು ಅಲ್ಲಿ. ಅದನ್ನು ಎತ್ತುವವರು ಬೆರಳೆಣಿಕೆಯಷ್ಟು ಮಂದಿ.

ದರ ಹೇಗೆ ಹುಟ್ಟುತ್ತದೆಂದು ತಿಳಿಯದೆ ಅದನ್ನು ಪ್ರಶ್ನಿಸಲಾಗದು. ಎಸ್ಕಾಂ ಮುಂದಿನ ವರ್ಷ ಎಷ್ಟು ವಿದ್ಯುತ್ ಮಾರುತ್ತೇನೆ, ಅದನ್ನು ಯಾವ ಬೆಲೆಗೆ ಖರೀದಿಸುತ್ತೇನೆ, ಪ್ರಸರಣ, ಸಂಬಳ, ದುರಸ್ತಿ, ಬಡ್ಡಿ ಮತ್ತು ಸವಕಳಿಗೆ ಎಷ್ಟು ಬೇಕು ಎಂದು ಲೆಕ್ಕ ಕೊಡುತ್ತದೆ. ಇದರಲ್ಲಿ ಸಿಂಹಪಾಲು ವಿದ್ಯುತ್ ಖರೀದಿಯದು. ಚಾಲ್ತಿ ದರದಲ್ಲಿ ಬರುವ ಆದಾಯವನ್ನು ಕಳೆದರೆ ಉಳಿಯುವುದು ಕೊರತೆ. ಹಿಂದಿನ ವರ್ಷದ ನಿಜವಾದ ಲೆಕ್ಕ ಪರಿಶೀಲಿಸಿದಾಗ ಕಂಡುಬಂದ ಹೆಚ್ಚು-ಕಡಿಮೆಯೂ ಅದಕ್ಕೆ ಸೇರುತ್ತದೆ. ಆಯೋಗ ಒಂದೊಂದು ಬಾಬ್ತನ್ನೂ ಒರೆಗೆ ಹಚ್ಚಿ, ಒಪ್ಪಿದ್ದನ್ನು ಮಾತ್ರ ದರಕ್ಕೆ ಇಳಿಸಬೇಕು. ವಿತರಣಾ ನಷ್ಟಕ್ಕೆ, ಅಂದರೆ ಗ್ರಾಹಕನ ಲೆಕ್ಕಕ್ಕೆ ಸಿಗದೆ ದಾರಿಯಲ್ಲೇ ಸೋರಿಹೋಗುವ ವಿದ್ಯುತ್ತಿಗೆ, ಅದು ಮಿತಿ ಹಾಕುತ್ತದೆ, ಮಿತಿ ಮೀರಿದ ನಷ್ಟ ಕಂಪನಿಯ ಕೊರಳಿಗೆ ಬೀಳಬೇಕು.

ಇಲ್ಲೊಂದು ಸೂಕ್ಷ್ಮವಿದೆ. ರಾಜ್ಯದ ಪಂಪ್‌ಸೆಟ್‌ಗಳ ಬಹುಭಾಗಕ್ಕೆ ಮೀಟರ್ ಇಲ್ಲ. ಮೀಟರ್ ಇಲ್ಲದೆ ವಿದ್ಯುತ್ ಕೊಡಬಾರದೆಂದು ಕಾಯ್ದೆಯ ಕಲಂ 55 ಎರಡು ದಶಕಗಳಿಂದ ಹೇಳುತ್ತಲೇ ಇದೆ. ಅಳೆಯದ ಬಳಕೆಯನ್ನು ಅಂದಾಜು ಮಾಡಬೇಕಾಗುತ್ತದೆ, ಅಂದಾಜು ಹಿಗ್ಗಿದಷ್ಟೂ ನಷ್ಟ ಕುಗ್ಗಿದಂತೆ ಕಾಣುತ್ತದೆ. ಕಳ್ಳತನ, ಹಳೆಯ ತಂತಿ, ಮೇಲ್ವಿಚಾರಣೆಯ ಸೋಮಾರಿತನ ಎಲ್ಲವನ್ನೂ ರೈತನ ಹೆಸರಿಗೆ ಬರೆದು ಸರ್ಕಾರದಿಂದ ಸಹಾಯಧನ ಕೇಳಲು ಅವಕಾಶವಿರುವ ಜಾಗವಿದು. ನಿಮ್ಮ ತಾಲ್ಲೂಕಿನ ಫೀಡರ್‌ಗಳಲ್ಲಿ (ಉಪಕೇಂದ್ರದಿಂದ ಹೊರಡುವ ಮಾರ್ಗಗಳಲ್ಲಿ) ದಿನಕ್ಕೆ ಎಷ್ಟು ಗಂಟೆ ಪಂಪ್‌ಸೆಟ್ ಓಡಿಸುವ ತ್ರೀಫೇಸ್ ವಿದ್ಯುತ್ ಬರುತ್ತದೆಂಬುದನ್ನು ಕಂಪನಿ ತೋರಿಸಿದ ಬಳಕೆಯ ಪಕ್ಕದಲ್ಲಿಟ್ಟು ಕೇಳಿ. ಅರ್ಧ ಪುಟದ ಅಂಥ ಪ್ರಶ್ನೆಗೆ ಕಂಪನಿ ಲಿಖಿತವಾಗಿ ಉತ್ತರಿಸಬೇಕಾಗುತ್ತದೆ. ಆಕ್ಷೇಪಣೆ, ಕಂಪನಿಯ ಉತ್ತರ, ಆಯೋಗದ ಅಭಿಪ್ರಾಯ ಮೂರೂ ಆದೇಶದಲ್ಲಿ ದಾಖಲಾಗುತ್ತವೆ. ‘ಬಡವರ ಮೇಲೆ ಬರೆ’ ಎಂದು ಬರೆದು ಐನೂರು ಜನ ಸಹಿ ಹಾಕಿದ ಮನವಿಗೆ ಸಿಗುವುದು ಒಂದು ಸಾಲಿನ ಉತ್ತರ, ಅದಕ್ಕೆ ಅಷ್ಟೇ ಸಲ್ಲುತ್ತದೆ.

ಆಯೋಗ ಸ್ವತಂತ್ರವೇ? ಸಾಕಷ್ಟು ಮಟ್ಟಿಗೆ, ಪೂರ್ತಿಯಾಗಿ ಅಲ್ಲ. ಅಧ್ಯಕ್ಷರೂ ಸೇರಿ ಗರಿಷ್ಠ ಮೂವರು ಸದಸ್ಯರು, ಐದು ವರ್ಷದ ಅವಧಿ, ಅದೇ ಹುದ್ದೆಗೆ ಮರುನೇಮಕವಿಲ್ಲ. ನೇಮಿಸುವುದು ಸರ್ಕಾರವಾದರೂ ಹೆಸರು ಸೂಚಿಸುವುದು ಹೈಕೋರ್ಟ್ ನ್ಯಾಯಾಧೀಶರಾಗಿದ್ದವರ ಅಧ್ಯಕ್ಷತೆಯ ಸಮಿತಿ. ಸಾರ್ವಜನಿಕ ಹಿತದ ನೀತಿ ವಿಷಯಗಳಲ್ಲಿ ಕಲಂ 108ರ ಅಡಿ ಸರ್ಕಾರ ನಿರ್ದೇಶನ ನೀಡಬಹುದು, ಆದರೆ ಇಷ್ಟು ಪೈಸೆ ಏರಿಸು, ಇಷ್ಟು ಇಳಿಸು ಎನ್ನುವಂತಿಲ್ಲ. 2025-26ರಿಂದ ವಿದ್ಯುತ್ ಕಂಪನಿಗಳ ನೌಕರರ ನಿವೃತ್ತಿ ವೇತನ ಮತ್ತು ಉಪದಾನದ (ಗ್ರಾಚ್ಯುಯಿಟಿ) ಹೆಸರಿನಲ್ಲಿ ಯೂನಿಟ್‌ಗೆ 36 ಪೈಸೆ ಸರ್ಚಾರ್ಜ್ ಬಂದಾಗ, ಸರ್ಕಾರ ಹೊರುತ್ತಿದ್ದ ಭಾರ ಬಳಕೆದಾರನ ಹೆಗಲಿಗೆ ವರ್ಗಾವಣೆಯಾಯಿತೆಂದೇ ನನ್ನ ಅಭಿಪ್ರಾಯ. ಅದನ್ನು ಪ್ರಶ್ನಿಸಲು ದಾರಿಯಿತ್ತು: ಆಯೋಗದ ಆದೇಶ ತಲುಪಿದ 45 ದಿನಗಳೊಳಗೆ ದೆಹಲಿಯ ವಿದ್ಯುತ್ ಮೇಲ್ಮನವಿ ನ್ಯಾಯಾಧಿಕರಣ, ಅಲ್ಲಿಂದ ಸುಪ್ರೀಂ ಕೋರ್ಟ್.

ಆದ್ದರಿಂದ ಹಾಸನದವರು ಮಾಡಬೇಕಾದದ್ದು ಇಷ್ಟು. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಅರ್ಜಿಯ ಸಾರಾಂಶ ಪತ್ರಿಕೆಯಲ್ಲಿ ಬಂದ ದಿನ ಪೂರ್ಣ ಪ್ರತಿಯನ್ನು ಜಾಲತಾಣದಿಂದ ಇಳಿಸಿಕೊಳ್ಳಿ. ಒಂದೇ ಬಾಬ್ತನ್ನು ಆರಿಸಿ, ಪುಟಸಂಖ್ಯೆ ನಮೂದಿಸಿ, ಪ್ರಕಟಣೆಯಲ್ಲಿ ಕೊಟ್ಟ ಗಡುವಿನೊಳಗೆ ಆಯೋಗದ ಕಾರ್ಯದರ್ಶಿಗೆ ಬರೆಯಿರಿ, ಪ್ರತಿಯನ್ನು ನಿಗಮಕ್ಕೂ ಕಳುಹಿಸಿ, ಮೈಸೂರಿನ ಸಾರ್ವಜನಿಕ ವಿಚಾರಣೆಗೆ ಹೋಗಿ ಐದು ನಿಮಿಷ ಮಾತಾಡಿ. ಕನ್ನಡದಲ್ಲೇ ಮಾತಾಡಿ. ವೇದಿಕೆಯ ಮೇಲಿರುವವರಿಗೆ ಭಾಷಣ ಬೇಕಿಲ್ಲ.

ಪ್ರಶ್ನೆ: ನನ್ನ ಮೀಟರ್ ಓಡುವುದೇ ತಪ್ಪು. ಆಯೋಗಕ್ಕೆ ಮೂರು ಪತ್ರ ಬರೆದರೂ ಉತ್ತರವಿಲ್ಲ.

ಉತ್ತರ: ಬರುವುದೂ ಇಲ್ಲ, ಏಕೆಂದರೆ ಒಬ್ಬೊಬ್ಬರ ಬಿಲ್ ತಗಾದೆ ಆಯೋಗದ ಕೆಲಸವಲ್ಲ. ಬಿಲ್‌ನಲ್ಲಿರುವ ಆರ್‌ಆರ್ ಸಂಖ್ಯೆಯೊಂದಿಗೆ (ನಿಮ್ಮ ಸಂಪರ್ಕದ ಸಂಖ್ಯೆ) ಉಪವಿಭಾಗದ ಕಚೇರಿಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಆಮೇಲೆ ಓಂಬುಡ್ಸ್‌ಮನ್. ಯಾವುದಕ್ಕೂ ವಕೀಲರು ಬೇಕಿಲ್ಲ.

ಪ್ರಶ್ನೆ: ಆರು ತಿಂಗಳು ಮನೆಗೆ ಬೀಗ ಹಾಕಿದ್ದರೂ ಬಿಲ್ ಏಕೆ?

ಉತ್ತರ: ಅದು ನಿಗದಿತ ಶುಲ್ಕ, ನೀವು ಬಳಸಿದರೂ ಬಳಸದಿದ್ದರೂ ನಿಮಗಾಗಿ ಕಾದಿರಿಸಿದ ಸಾಮರ್ಥ್ಯದ ವೆಚ್ಚ. 2025-26ರಲ್ಲಿ ಗೃಹಬಳಕೆಗೆ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ. ಮಂಜೂರಾದ ಲೋಡ್ ಅಗತ್ಯಕ್ಕಿಂತ ಹೆಚ್ಚಿದ್ದರೆ ತಗ್ಗಿಸಲು ಅರ್ಜಿ ಕೊಡಿ.

ಪ್ರಶ್ನೆ: ‘ಪವರ್ ಸೇವರ್’ ಪೆಟ್ಟಿಗೆ ಪ್ಲಗ್‌ಗೆ ಸಿಕ್ಕಿಸಿದರೆ ಬಿಲ್ ಅರ್ಧವಾಗುವುದೇ? ಮಾರುವವರು ಆಯೋಗದ ಅನುಮತಿ ಇದೆ ಎನ್ನುತ್ತಾರೆ.

ಉತ್ತರ: ಮೋಸ. ಅಂಥ ಅನುಮತಿ ಕೊಡುವುದು ಆಯೋಗದ ಕೆಲಸವೇ ಅಲ್ಲ. ಅದರೊಳಗಿರುವುದು ಸಾಮಾನ್ಯವಾಗಿ ಒಂದು ಕೆಪಾಸಿಟರ್; ಮನೆಯ ಮೀಟರ್ ಲೆಕ್ಕ ಹಾಕುವ ಯೂನಿಟ್‌ಗಳನ್ನು ಅದು ಕಡಿಮೆ ಮಾಡುವುದಿಲ್ಲ.

ಪ್ರಶ್ನೆ: ಬೆಂಗಳೂರಿನ ನೀರಿನ ದರದ ಬಗ್ಗೆಯೂ ಕೆಇಆರ್‌ಸಿಗೆ ಆಕ್ಷೇಪಣೆ ಸಲ್ಲಿಸಬಹುದೇ?

ಉತ್ತರ: ಇಲ್ಲ. ನೀರಿಗೆ ರಾಜ್ಯದಲ್ಲಿ ಇಂಥ ಆಯೋಗವಿಲ್ಲ. ದರವನ್ನು ಜಲಮಂಡಳಿ ಮತ್ತು ಸರ್ಕಾರವೇ ತೀರ್ಮಾನಿಸುತ್ತವೆ.