ಸೂಜಿ ತಾಗಿದರೆ ಲಿವರ್ ಗಡ್ಡೆ ಹರಡುತ್ತಾ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು. ಅಪ್ಪನಿಗೆ 63 ವರ್ಷ, ಹೆಪಟೈಟಿಸ್ ಬಿ ಇದೆ. ಲಿವರ್‌ನಲ್ಲಿ 2.5 ಸೆಂ.ಮೀ. ಕ್ಯಾನ್ಸರ್ ಗಡ್ಡೆ ಸಿಕ್ಕಿದೆ. ಆಪರೇಷನ್ ಬೇಡ, ಸೂಜಿ ಹಾಕಿ ಸುಡೋಣ ಎಂದಿದ್ದಾರೆ ಡಾಕ್ಟರು. ಗಡ್ಡೆಗೆ ಸೂಜಿ ತಾಗಿದರೆ ಮೈಯೆಲ್ಲ ಹರಡುತ್ತದೆ ಎಂದು ಊರಲ್ಲಿ ಹೆದರಿಸುತ್ತಿದ್ದಾರೆ. ಕಣ್ಣಿಗೆ ಕಾಣದ ಗಡ್ಡೆಗೆ ಸೂಜಿ ಸರಿಯಾಗಿ ಹೋಗುವುದಾದರೂ ಹೇಗೆ? ಅಡಿಕೆ ಕೊಯ್ಲಿನ ಹೊತ್ತಿಗೆ ಅಪ್ಪ ಹುಷಾರಾಗ್ತಾರಾ?

ಉತ್ತರ: ಊರವರ ಮಾತು ಪೂರ್ತಿ ಸುಳ್ಳಲ್ಲ. ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಕಣ ಕೂರುವುದು ಉಂಟು, ಆದರೆ ಅಪರೂಪ. ಅದಕ್ಕೇ ಸೂಜಿಯನ್ನು ಒಂದಷ್ಟು ಒಳ್ಳೆಯ ಲಿವರ್ ದಾಟಿಸಿ ಗಡ್ಡೆಗೆ ಒಯ್ಯುತ್ತಾರೆ, ಹೊರಗೆ ತೆಗೆಯುವಾಗ ಬಂದ ದಾರಿಯನ್ನೂ ಸುಡುತ್ತಾ ಬರುತ್ತಾರೆ. ರಕ್ತ ಸೋರುವುದೂ ಅದರಿಂದ ಕಡಿಮೆ. ಸುಮ್ನೆ ಹೆದರಿ ಮುಂದೂಡಬೇಡಿ. ಗಡ್ಡೆ 3 ಸೆಂ.ಮೀ. ಒಳಗಿದ್ದಾಗ ಈ ಚಿಕಿತ್ಸೆ ಚೆನ್ನಾಗಿ ಹಿಡಿಯುತ್ತದೆ, ದಾಟಿದ ಮೇಲೆ ಉಳಿದುಹೋಗುವುದು ಜಾಸ್ತಿ.

ಇನ್ನು ಸೂಜಿಯ ವಿಷಯ. ಇಡೀ ಕೆಲಸ ನಿಂತಿರುವುದೇ ಇಲ್ಲಿ, ಸುಡುವುದು ಯಂತ್ರದ ಪಾಲು. ಪಕ್ಕೆಲುಬುಗಳ ನಡುವೆ ಚರ್ಮದಲ್ಲಿ ಸಣ್ಣದೊಂದು ಗೀರು, ಅಷ್ಟೇ. ಡಾಕ್ಟರ ಒಂದು ಕೈಯಲ್ಲಿ ಅಲ್ಟ್ರಾಸೌಂಡ್ ಪ್ರೋಬ್, ಇನ್ನೊಂದರಲ್ಲಿ ಸೂಜಿ, ಕಣ್ಣು ಪರದೆ ಮೇಲೆ. ಬೂದು ಬಣ್ಣದ ಲಿವರ್ ಒಳಗೆ ಸೂಜಿ ಬಿಳಿ ಗೆರೆಯಾಗಿ ಇಳಿಯುವುದು ಕಾಣುತ್ತದೆ. ತೊಂದರೆ ಏನೆಂದರೆ ಉಸಿರು ಎಳೆದಾಗಲೆಲ್ಲ ಲಿವರ್ ಒಂದೆರಡು ಸೆಂ.ಮೀ. ಕೆಳಗೆ ಜಾರುತ್ತದೆ, ಗಡ್ಡೆಯೂ ಜೊತೆಗೇ ಹೋಗುತ್ತದೆ, ಹಾಗಾಗಿ "ಉಸಿರು ಹಿಡೀರಿ" ಎಂದ ಹೊತ್ತಲ್ಲೇ ಸೂಜಿ ಮುಂದೆ ಹೋಗಬೇಕು. ಪೂರ್ತಿ ಅರಿವಳಿಕೆ ಕೊಟ್ಟಿದ್ದರೆ ಉಸಿರನ್ನು ಯಂತ್ರದಲ್ಲೇ ನಿಲ್ಲಿಸುತ್ತಾರೆ. ಸುಡಲು ಶುರುವಾದರೆ ಗುಳ್ಳೆಗಳೆದ್ದು ಪರದೆಯೆಲ್ಲ ಬೆಳ್ಳಗಾಗಿ ತುದಿ ಕಾಣುವುದೇ ಇಲ್ಲ. ಜಾಗ ಸರಿಯಿದೆಯಾ ಅಂತ ಅದಕ್ಕೂ ಮೊದಲೇ ಬೇರೆ ಬೇರೆ ಕೋನದಿಂದ ನೋಡಿಕೊಳ್ಳಬೇಕು. ಗಡ್ಡೆ ಮೇಲೆ, ಎದೆ-ಹೊಟ್ಟೆ ನಡುವಿನ ಪದರವಾದ ವಪೆಯ ಹತ್ತಿರ ಇದ್ದರೆ ಶ್ವಾಸಕೋಶದ ಗಾಳಿ ಅಡ್ಡ ಬರುತ್ತದೆ, ಅಲ್ಟ್ರಾಸೌಂಡ್‌ನಲ್ಲಿ ಎಷ್ಟೋ ಸಲ ಸರಿಯಾಗಿ ಕಾಣಲ್ಲ. ಆಗ ಸಿಟಿ ಸ್ಕ್ಯಾನ್ ಬೇಕಾಗಬಹುದು.

ಸುಲಿದ ಅಡಿಕೆಯಷ್ಟಿರುವ ಗಡ್ಡೆಯನ್ನು ಮಾತ್ರ ಸುಟ್ಟರೆ ಸಾಲದು. ಸುತ್ತ ಕನಿಷ್ಠ 5 ಮಿ.ಮೀ. ಒಳ್ಳೆಯ ಭಾಗವೂ ಸುಡಬೇಕು, ಅಂದರೆ ನಿಮ್ಮ ತಂದೆಗೆ 3.5 ಸೆಂ.ಮೀ.ಯಾದರೂ ಆಗಬೇಕು. ಪಕ್ಕದಲ್ಲಿ ದೊಡ್ಡ ರಕ್ತನಾಳ ಇದ್ದರೆ ಹರಿಯುವ ರಕ್ತವೇ ಕಾವನ್ನು ಹೊತ್ತುಕೊಂಡು ಹೋಗುತ್ತದೆ, ಆ ಅಂಚಿನಲ್ಲಿ ಗಡ್ಡೆ ಉಳಿಯಬಹುದು. ಕರುಳು ಹತ್ತಿರವಿದ್ದರೆ ನಡುವೆ ದ್ರವ ತುಂಬಿಸಿ ದೂರ ಸರಿಸುತ್ತಾರೆ. ಆದ್ದರಿಂದ ಡಾಕ್ಟರನ್ನು ಕೇಳಬೇಕಾದ್ದು ಯಂತ್ರ ಯಾವ ಕಂಪನಿಯದು ಅಂತಲ್ಲ, ಗಡ್ಡೆ ಯಾವುದರ ಪಕ್ಕದಲ್ಲಿದೆ ಅಂತ.

ಆಸ್ಪಿರಿನ್ ಥರದ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ನಾಟಿ ಔಷಧಿ ಕುಡಿಯುತ್ತಿದ್ದರೂ ಹೇಳಿ. ನಮ್ಮ ಕಡೆ ಇದನ್ನೇ ಮುಚ್ಚಿಡುವುದು, ಡಾಕ್ಟರು ಬೈಯುತ್ತಾರೆ ಅಂತ! ಕೆಲವು ಬೇರು-ಸೊಪ್ಪು ಲಿವರ್‌ಗೇ ಪೆಟ್ಟು ಕೊಡುತ್ತವೆ. ಹೆಪಟೈಟಿಸ್ ಬಿ ಮಾತ್ರೆ ಕೊಟ್ಟಿದ್ದರೆ ಅದನ್ನಂತೂ ಬಿಡಕೂಡದು.

ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮನೆಗೆ ಕಳಿಸುತ್ತಾರೆ. ಸಣ್ಣ ಜ್ವರ, ಸುಸ್ತು ಕೆಲವು ದಿನ ಇರುತ್ತದೆ. ಜ್ವರ ಏರಿದರೆ, ಹೊಟ್ಟೆನೋವು ಜೋರಾದರೆ ಕಾಯಬೇಡಿ. ಕೊಯ್ಲಿನ ಹೊತ್ತಿಗೆ ಅಂಗಳದಲ್ಲಿ ಕೂತು ಅಡಿಕೆ ಸುಲಿಯಲಿ, ಗೊನೆ ಹೊರುವುದು ಡಾಕ್ಟರು ಹೂಂ ಅಂದ ಮೇಲೆ.

ಸುಮಾರು ಒಂದು ತಿಂಗಳಿಗೆ ಸಿಟಿ ಅಥವಾ ಎಂಆರ್‌ಐ ಮಾಡಿಸಲೇಬೇಕು, ಮಣಿಪಾಲಕ್ಕೋ ಬೆಂಗಳೂರಿಗೋ ಮತ್ತೆ ಹೋಗಬೇಕಾದರೂ ಸರಿ. ಅಂಚಿನಲ್ಲಿ ಗಡ್ಡೆ ಉಳಿದಿದ್ದರೆ ಗೊತ್ತಾಗುವುದು ಆಗಲೇ, ಮತ್ತೆ ಸುಡಲೂಬಹುದು. ಹೋಗುವಾಗ ಹಳೇ ಸ್ಕ್ಯಾನ್‌ನ ಸಿಡಿ ಒಯ್ಯಿರಿ. ಬರೀ ರಿಪೋರ್ಟ್ ಸಾಲದು, ಹಳೇ ಚಿತ್ರದ ಪಕ್ಕ ಹೊಸದನ್ನು ಇಟ್ಟೇ ಅವರು ನೋಡುವುದು.