ಕರೆಂಟು ಬಿಟ್ಟರೆ, ಬಾರ್ಕ್‌ನಿಂದ ದೇಶದ ಆರ್ಥಿಕತೆಗೆ ಏನು ಲಾಭ?

ಬಾರ್ಕ್ ಅಂದರೆ ಭಾಭಾ ಅಣು ಸಂಶೋಧನಾ ಕೇಂದ್ರ. ಅದು ಇರುವುದು ಮುಂಬೈನ ಟ್ರಾಂಬೆಯಲ್ಲಿ. ಲಾಭ ನೋಡಲು ಅಲ್ಲಿಗೇ ಹೋಗಬೇಕಿಲ್ಲ, ನಮ್ಮ ಬೆಂಗಳೂರೇ ಸಾಕು. ಕ್ಯಾನ್ಸರ್‌ಗೆ ರೇಡಿಯೇಷನ್ ಕೊಡುವ ‘ಭಾಭಾಟ್ರಾನ್’ ಯಂತ್ರದ ವಿನ್ಯಾಸ ಬಾರ್ಕ್‌ನದು, ತಯಾರಿಸುವುದು ಇಲ್ಲಿನ ಪನೇಸಿಯಾ ಕಂಪನಿ. ಅದರೊಳಗಿನ, ವಿಕಿರಣ ಸೂಸುವ ಕೋಬಾಲ್ಟ್-60 ಕೂಡ ನಮ್ಮ ದೇಶದ ಅಣು ರಿಯಾಕ್ಟರ್‌ಗಳಲ್ಲೇ ತಯಾರಾಗುತ್ತದೆ. ಹೊರಗಿನಿಂದ ತರಿಸಿದ್ದರೆ ಡಾಲರ್ ಸುರಿಯಬೇಕಿತ್ತು, ಅಲ್ವಾ? ಈಗ ಆ ದುಡ್ಡು ಇಲ್ಲೇ ಸಂಬಳವಾಗಿ ಓಡಾಡುತ್ತದೆ. ಯಂತ್ರ ವಿಯೆಟ್ನಾಂಗೂ ಹೋಗಿದೆ.

ಸಿರಿಂಜು, ಗಾಯ ಹೊಲಿಯುವ ದಾರಗಳನ್ನು ಗಾಮಾ ಕಿರಣದಿಂದ ರೋಗಾಣು ಸಾಯಿಸಿ ಶುದ್ಧ ಮಾಡುವ ಘಟಕ ಟ್ರಾಂಬೆಯಲ್ಲಿ 1974ರಲ್ಲೇ ಶುರುವಾಯಿತು.

ನನಗೆ ಜಾಸ್ತಿ ಇಷ್ಟವಾಗುವುದು ಶೇಂಗಾ ಕಥೆ. ವಿಕಿರಣದಿಂದ ಬದಲಾದ ತಳಿಗಳನ್ನು ಬೆರೆಸಿ ಬಾರ್ಕ್‌ನವರು ಟಿಎಜಿ-24 ಅನ್ನೋ ಹೊಸ ಶೇಂಗಾ ತಳಿ ಮಾಡಿದರು. ಗಿಡ ಗಿಡ್ಡ, ಇಳುವರಿ ಜಾಸ್ತಿ. ಕರ್ನಾಟಕದ ರೈತರೂ ಬೆಳೆಯುತ್ತಾರೆ. ಕಾಯಿಯಲ್ಲಿ ರೇಡಿಯೇಷನ್ ಇರುವುದಿಲ್ಲ, ಸುಮ್ನೆ ಹೆದರಬೇಡಿ!